ಚಾಲೂ ಆಗಿ ನಿಲ್ಲುವ ಫಿಯಟ್

ಶುಕ್ರವಾರ ಬೆಳಿಗ್ಗೆ ಮೈದುನ ಗುರುಶಾಂತ ಜೇವರ್ಗಿ ಕಡೆಯ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದ. ಆ ಮನುಷ್ಯ ಗಾಡಿಯ ಬಾನೆಟ್ ಎತ್ತುವ ಮೊದಲೇ ನನ್ನ ಮಲ್ಲಿಗೆ ಕುಂಡದಲ್ಲಿ ಗುಟ್ಕಾ ಉಗಿದ. ಎಪ್ಪತ್ತೆರಡು ವರ್ಷದಲ್ಲಿ ಮನುಷ್ಯರ ಬಾಯಿಂದ ಬೀಳುವ ಎಷ್ಟೋ ಹೊಲಸನ್ನು ನೋಡಿದ್ದೇನೆ. ಆದರೂ ಆ ಕೆಂಪು ನೀರು ಮೊಗ್ಗಿನ ಮೇಲಿಂದ ಇಳಿಯುವುದನ್ನು ನೋಡಲಾಗದೆ ಮುಖ ತಿರುಗಿಸಿದೆ.

ಗಾಡಿ ಚಾಲೂ ಆಗುತ್ತಿತ್ತು. ಚಾವಿ ತಿರುಗಿಸಿದರೆ ಎಂದಿನಂತೆ ಗುರ್ ಎಂದು ಏಳುತ್ತಿತ್ತು, ಮರುಕ್ಷಣ ನಿಂತುಬಿಡುತ್ತಿತ್ತು. ಹತ್ತು ಸಲ ಏಳಿಸಿದರು, ಹತ್ತು ಸಲವೂ ನಿಂತಿತು. ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿದ, ಊದಿದ, ತಿರುಗಿ ಜೋಡಿಸಿದ. ಕೈಯ ಎಣ್ಣೆಯನ್ನು ನಾನು ಒಣಹಾಕಿದ್ದ ಟವೆಲ್‌ಗೆ ಒರೆಸಿಕೊಂಡ.

“ಇದು ಮುಗೀತ್ರಿ. ಹೊಸ ಕಾರ್ಬುರೇಟರ್ ಹೈದರಾಬಾದಿನಿಂದ ಬರಬೇಕು. ಎಂಟು ದಿನ ಬೇಕು.”

“ರವಿವಾರ ಮದುವಿ ಅದಪಾ,” ಎಂದೆ.

“ಗಾಡಿಗೆ ರವಿವಾರ ಸೋಮವಾರ ಗೊತ್ತಾಗ್ತದೇನ್ರಿ ಅಜ್ಜಿ?” ಎಂದು ನಕ್ಕು ಮತ್ತೊಮ್ಮೆ ಉಗಿದ.

ಗುರುಶಾಂತ ನನ್ನ ಪಕ್ಕ ಬಂದು ಕೂತ. ಅವನದು ಮೆತ್ತನೆಯ ಮಾತು. “ಏನ್ ಮಾಡೂದು ವೈನಿ, ಮಶೀನು. ಮಾಳಮ್ಮಗ ನಾನೇ ಹೇಳ್ತೇನಿ. ಒಂದು ಜೀಪ್ ಮಾಡಿಕೊಡೂಣು. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ, ಬಿಪಿ ಏರ್ತದ.”

ನನ್ನ ಬಿಪಿ ಮಾತ್ರೆಯನ್ನು ತಿಂಗಳು ತಿಂಗಳು ತಪ್ಪದೆ ಆಳಂದದಿಂದ ತರುವವನು ಅವನೇ. ವಾರಕ್ಕೊಮ್ಮೆ ಬಂದು, ಬ್ಯಾಟರಿ ಇಳಿಯಬಾರದೆಂದು ಗಾಡಿ ಚಾಲೂ ಮಾಡಿಡುವವನೂ ಅವನೇ. ಇಂಥ ಸಣ್ಣ ಸಣ್ಣ ಒಳ್ಳೆಯತನಗಳನ್ನು ನಾನು ಮರೆಯುವವಳಲ್ಲ.

ಈ ಫಿಯಟ್ ನಮ್ಮ ಮನೆಗೆ ಬಂದು ನಲವತ್ತು ವರ್ಷ. ಆಗ ನರೋಣಾದಲ್ಲಿ ಬೇರೆ ಕಾರು ಇರಲಿಲ್ಲ. ಊರಿನ ಮದುಮಗಳು ಗಂಡನ ಊರಿಗೆ ಹೋಗುವಾಗ ಇದರಲ್ಲೇ ಹೋಗಬೇಕು ಎಂದು ನಮ್ಮ ಮನೆಯವರೇ ಶುರುಮಾಡಿದ ಪದ್ಧತಿ. ತಾವೇ ನಡೆಸಿಕೊಂಡು ಹೋಗಿ ಬಿಟ್ಟುಬರುತ್ತಿದ್ದರು. ಈಗ ಓಣಿಗೆ ನಾಲ್ಕು ಕಾರುಗಳಿವೆ, ಆದರೂ ಮದುಮಗಳಿಗೆ ಫಿಯಟ್ಟೇ ಬೇಕು. ಎದುರು ಮನೆಯ ಹಜರಾಬಿಯ ಮೂವರು ಹೆಣ್ಣುಮಕ್ಕಳೂ ಇದೇ ಹಿಂದಿನ ಸೀಟಿನಲ್ಲಿ ಕೂತು ಅತ್ತುಕೊಂಡು ಹೋಗಿದ್ದಾರೆ. ಅವರು, ಇವರು ಎಂದು ಭೇದ ಮಾಡದ ಮನೆ ನಮ್ಮದು ಎಂದು ನಾನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಕೆಳಗಿನ ಓಣಿಯಿಂದ ಮಾತ್ರ ಈ ಗಾಡಿಯಲ್ಲಿ ಯಾರೂ ಹೋಗಿಲ್ಲ. ಕೇಳಿದವರೇ ಕಡಿಮೆ. ಇಪ್ಪತ್ತೆಂಟು ವರ್ಷದ ಹಿಂದೆ ಮಾಳಮ್ಮನ ಅಪ್ಪ ಒಮ್ಮೆ ಕೇಳಿದ್ದ. ಮಾಳಮ್ಮ ನನ್ನ ತರಗತಿಯಲ್ಲಿ ಕಲಿತ ಹುಡುಗಿ, ಮದುವೆ ಸರಸಂಬಾದ ಹುಡುಗನ ಜೊತೆ. ಇವರು ಒಂದೇ ಮಾತಿಗೆ ಆಗಲಿ ಎಂದಿದ್ದರು. ಮದುವೆಯ ಬೆಳಿಗ್ಗೆ ಹಳದಿ ಸೀರೆಯ ಮಾಳಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು. ಗಾಡಿ ಚಾಲೂ ಆಯಿತು, ನಿಂತಿತು. ಮತ್ತೆ ಆಯಿತು, ನಿಂತಿತು. ಇವರು ಬಾನೆಟ್‌ನೊಳಗೆ ತಲೆ ಹಾಕಿ ಒದ್ದಾಡಿದರು. ಮೊಣಕೈತನಕ ಕರಿ ಎಣ್ಣೆ. ಕೊನೆಗೆ ಆ ಎಣ್ಣೆಗೈಯನ್ನೇ ಜೋಡಿಸಿ ಅವಳ ಅಪ್ಪನ ಮುಂದೆ ನಿಂತು, “ನನ್ನ ಮಾತು ಉಳೀಲಿಲ್ಲಪಾ” ಎಂದು ಕಣ್ಣು ತುಂಬಿಕೊಂಡರು. ಟ್ರ್ಯಾಕ್ಟರ್ ಮಾಡಿಸಿ, ಮದುಮಗಳು ಬರೀ ಕಬ್ಬಿಣದ ಮೇಲೆ ಕೂಡಬಾರದೆಂದು ನಮ್ಮ ಹೊಸ ಜಮಖಾನೆಯನ್ನು ಟ್ರಾಲಿಯಲ್ಲಿ ತಾವೇ ಹಾಸಿದರು. ಟ್ರ್ಯಾಕ್ಟರ್ ಹೋದ ಅರ್ಧ ಗಂಟೆಗೆ ಗಾಡಿ ಸರಿಹೋಯಿತು. ಎಂಥ ದುರ್ದೈವ ಎಂದು ಇಬ್ಬರೂ ಮರುಗಿದೆವು.

ಆ ಜಮಖಾನೆಯ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಆರು ವರ್ಷದ ಹಿಂದೆ ಇವರು ತೀರಿಕೊಂಡಾಗ, ಬಂದು ಕೂತವರ ಮುಂದೆ ಹೇಳಿದ್ದೂ ಅದನ್ನೇ.

ಮಾಳಮ್ಮ ಗಂಡನೊಂದಿಗೆ ನರೋಣಾಕ್ಕೇ ಮರಳಿ ಬಂದು ನೆಲೆಸಿದಳು. ಈಗ ನಮ್ಮೂರ ಆಶಾ ಕಾರ್ಯಕರ್ತೆ. ನನಗೆ ಚಿಕೂನ್‌ಗುನ್ಯಾ ಆಗಿ ಬೆರಳು ಮಡಚಲಾಗದಿದ್ದಾಗ ಹದಿನೈದು ದಿನ ಬಂದು ನನ್ನ ತಲೆ ಬಾಚಿದ್ದಾಳೆ. ಅವಳ ಮಗಳು ಪಂಚಶೀಲಾ ಜೇವರ್ಗಿಯಲ್ಲಿ ನರ್ಸ್, ಹುಡುಗ ಅಫಜಲಪುರದಲ್ಲಿ ಮೇಷ್ಟ್ರು. ಮದುವೆ ಅಲ್ಲಿಯ ಬುದ್ಧ ವಿಹಾರದಲ್ಲಿ, ರವಿವಾರ ಹನ್ನೆರಡು ಗಂಟೆಗೆ. ಕಾರ್ಡು ಕೊಡಲು ಬಂದವಳು ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು: “ಅಕ್ಕೋರ, ಫಿಯಟ್ ಕೊಡ್ತೀರೇನ್ರಿ?”

ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನಾನು ಅವಳ ಕೈ ಹಿಡಿದು ಮಾತು ಕೊಟ್ಟೆ.

ಗುರುಶಾಂತ ಹೋದ ಮೇಲೆ ಆಳಂದದ ಚಾಂದಪಾಶಾನಿಗೆ ಫೋನ್ ಮಾಡಿದೆ. ಬಸ್ ಸ್ಟ್ಯಾಂಡ್ ಹಿಂದೆ ಅವನದೊಂದು ತಗಡಿನ ಶೆಡ್ಡು. ಹಳೆಯ ಗಾಡಿಗಳನ್ನು ಇನ್ನೂ ಮುಟ್ಟುವವನು ಅವನೊಬ್ಬನೇ.

“ಸೊನ್ನದಾಗ ಒಂದು ಪಂಪ್ ಇಂಜಿನ್ ಬಿಚ್ಚಿ ಕುಂತೇನ್ರಿ ಬಾಯಾರ. ರವಿವಾರ ಏಳಕ್ಕ ನಿಮ್ಮ ಬಾಗಿಲದಾಗ ಇರ್ತೇನಿ. ಅಲ್ಲೀತನ ಯಾರಿಗೂ ಮುಟ್ಟಗೊಡಬ್ಯಾಡ್ರಿ.”

ಮಾಳಮ್ಮನಿಗೆ ಗುರುಶಾಂತ ಸುದ್ದಿ ಮುಟ್ಟಿಸಿಬಿಟ್ಟಿದ್ದ. ಶನಿವಾರ ನಾನೇ ಅವಳ ಮನೆಗೆ ಹೋಗಿ, ಮೆಕ್ಯಾನಿಕ್ ಬರುತ್ತಾನೆ, ಜೀಪ್ ಹೇಳಬೇಡ ಎಂದೆ. ಅವಳು ಸೀರೆಗಳನ್ನು ಮಡಚುತ್ತಿದ್ದಳು. “ಕೆಟ್ಟದೇನ್ರಿ?” ಎಂದಳು, ತಲೆ ಎತ್ತದೆ. “ಚಾಲೂ ಆಗಿ ನಿಂದ್ರತದೇನ್ರಿ?”

“ನಿನಗ ಹ್ಯಾಂಗ ಗೊತ್ತ?”

“ಹಿಂಗೇ ಕೇಳಿದೆ,” ಎಂದಳು.

ರವಿವಾರ ಏಳಕ್ಕೆ ಐದು ನಿಮಿಷವಿರುವಾಗಲೇ ಚಾಂದಪಾಶಾ ಬಂದ. ಚಪ್ಪಲಿ ಗೇಟಿನ ಹೊರಗೆ ಬಿಟ್ಟ. ಬಾಡಿದ ಮಲ್ಲಿಗೆ ಗಿಡ ನೋಡಿ, “ಯಾ ಅಲ್ಲಾ, ಯಾರ್ರೀ ಈ ಕೆಲಸ ಮಾಡಿದ್ದು?” ಎಂದು ಬಕೆಟ್ಟಿನಿಂದ ಎರಡು ಚೊಂಬು ನೀರು ಹಾಕಿದ. ನನಗೆ ಅರ್ಧ ಸಮಾಧಾನ ಅಲ್ಲೇ ಆಯಿತು. ಗುಟ್ಕಾ ಉಗಿದ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ್ದನ್ನೂ ಹೇಳಿದೆ. ಒಂಬತ್ತಕ್ಕೆ ಮದುಮಗಳು ಹೊರಡಬೇಕಿತ್ತು.

ಅವನು ಬಾನೆಟ್ ಎತ್ತಲೇ ಇಲ್ಲ. ಮೊದಲು ನನ್ನನ್ನು ಕೇಳಿದ: “ಸಾಯುವಾಗ ಹ್ಯಾಂಗ ಸಾಯ್ತದ್ರಿ? ಕೆಮ್ಮಿ ಕೆಮ್ಮಿ ಸಾಯ್ತದೋ, ದೀಪ ಆರಿದಂಗ ತಟ್ಟನೆ ಸಾಯ್ತದೋ?”

“ದೀಪ ಆರಿದಂಗ.”

“ಹಂಗಾದ್ರ ಪೆಟ್ರೋಲಿಂದು ಅಲ್ಲ. ಪೆಟ್ರೋಲ್ ಸಿಗದ ಗಾಡಿ ಕೆಮ್ಮತದ, ಜಗ್ಗತದ, ಆಮ್ಯಾಲ ಹೋಗ್ತದ. ತಟ್ಟನೆ ಹೋಗೂದು ಕರೆಂಟ್. ಆ ಗುಟ್ಕಾದವ ಕಾರ್ಬುರೇಟರ್ ಯಾಕ ಬಿಚ್ಚಿದ? ಬಾಯಾಗಿಂದು ಉಗಳಾಕ ಜಾಗ ಬೇಕಾಗಿತ್ತೇನು?”

ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದ. ನಲವತ್ತು ವರ್ಷದಲ್ಲಿ ನಾನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಜೇಬಿನಿಂದ ಒಂದು ಚಿಕ್ಕ ಬಲ್ಬು ತೆಗೆದ, ಅದಕ್ಕೆ ಎರಡು ವಾಯರ್ ಬೆಸೆದಿತ್ತು. ಈಗ ಬಾನೆಟ್ ಎತ್ತಿ, ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲ್‌ಗೆ ಒಂದು ತುದಿ, ಗಾಡಿಯ ಮೈಗೆ ಇನ್ನೊಂದು ತುದಿ ಹಚ್ಚಿದ.

“ಚಾವಿ ಪೂರ್ತಿ ತಿರುವ್ರಿ... ಹಾಂ. ಬಲ್ಬ್ ಹತ್ತಿತು. ಈಗ ಬಿಡ್ರಿ.”

ಚಾವಿ ಬಿಟ್ಟೆ. ಅದು ಒಂದು ಹೆಜ್ಜೆ ಹಿಂದೆ ಬಂದು ನಿಂತಿತು. ಬಲ್ಬ್ ಆರಿತು. ಗಾಡಿಯೂ ಆರಿತು.

“ನೋಡಿದ್ರೇನು? ಚಾವಿ ತಿರುವಿ ಹಿಡಿದಾಗ ಒಂದು ವಾಯರ್‌ನಿಂದ ಕರೆಂಟ್ ಬರ್ತದ. ಬಿಟ್ಟ ಮ್ಯಾಲ ಇನ್ನೊಂದು ವಾಯರ್‌ನಿಂದ ಬರಬೇಕು. ಆ ಎರಡನೇದ್ದು ಎಲ್ಲೋ ಕಟ್ಟ್ ಆಗ್ಯದ.”

ಖಚಿತ ಮಾಡಿಕೊಳ್ಳಲು ಬ್ಯಾಟರಿಯಿಂದ ನೇರ ಕಾಯಿಲ್‌ಗೆ ಒಂದು ಉದ್ದ ವಾಯರ್ ಕೊಟ್ಟ. ಚಾವಿ ತಿರುಗಿಸಿ ಬಿಟ್ಟೆ. ಗಾಡಿ ನಿಲ್ಲಲಿಲ್ಲ. ಹಳೆಯ ಹೊಲಿಗೆ ಯಂತ್ರದಂತೆ ಸಣ್ಣಗೆ, ಸರಾಗವಾಗಿ ಓಡತೊಡಗಿತು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ.

“ಅಷ್ಟೇ ಸಾಕಲ್ಲೋ ಚಾಂದಪಾಶಾ, ಹಿಂಗೇ ಹೋಗಬಹುದಲ್ಲ?”

“ಹೋಗಬಹುದ್ರಿ. ಆದ್ರ ಕಾರಣ ನೋಡದಂಗ ಬಿಟ್ಟ್ರ ನಮ್ಮ ಉಸ್ತಾದ್ ಗೋರಿಯಾಗಿಂದ ಎದ್ದು ಬಂದು ಹೊಡೀತಾನ.”

ಗಾಡಿ ಬಂದ್ ಮಾಡಿ ಆ ಎರಡನೇ ವಾಯರನ್ನು ಬೆರಳಿನಿಂದ ಹಿಡಿದುಕೊಂಡು ಹೊರಟ. ಅದು ಡ್ಯಾಶ್‌ಬೋರ್ಡಿನ ಕೆಳಗೆ ಹೋಗುವ ಬದಲು ಚಾಪೆಯ ಅಡಿ ನುಗ್ಗಿತ್ತು. ಚಾಪೆ ಎತ್ತಿದ. ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಸ್ವಲ್ಪ ಹೊತ್ತು ತಡಕಾಡಿದ. ಆಮೇಲೆ ಅವನ ಮುಖ ಬದಲಾಯಿತು.

ಟಕ್ ಎಂದು ಸಪ್ಪಳವಾಯಿತು.

“ಈಗ ಚಾವಿ ತಿರುವ್ರಿ,” ಎಂದ. ಉದ್ದದ ವಾಯರನ್ನು ಕಿತ್ತು ಹಾಕಿದ್ದ. ಗಾಡಿ ಎದ್ದಿತು, ಓಡುತ್ತಲೇ ಇತ್ತು.

“ಏನಿತ್ತು?”

“ಚೋರ್ ಸ್ವಿಚ್ ಇತ್ತ್ರಿ. ನಮ್ಮ ಉಸ್ತಾದನ ಕೈ ಕೆಲಸ. ಟೇಪ್ ಬದಲಿ ಮೇಣದ ನೂಲು ಸುತ್ತೂದು ಅವನೊಬ್ಬನೇ.” ಚಾಂದಪಾಶಾ ಅರ್ಧ ಹೆಮ್ಮೆಯಿಂದಲೇ ಹೇಳಿದ. “ಕಳ್ಳರ ಸಲುವಾಗಿ ಹಾಕೂದು. ಗಾಡಿ ಪೂರಾ ಚಾಲೂ ಆಗಲಿಲ್ಲ ಅಂದ್ರ ಕಳ್ಳ ಸ್ವಿಚ್ ಹುಡುಕ್ತಾನ. ಚಾಲೂ ಆಗಿ ಆಗಿ ನಿಂತ್ರ ಗಾಡೀನೇ ಕೆಟ್ಟದ ಅಂತ ಬೈಕೊಂಡು ಹೋಗ್ತಾನ. ಬಹಳ ಶ್ಯಾಣ್ಯಾ ಇದ್ದ ನಮ್ಮ ಉಸ್ತಾದ್.”

“ತಾನಾಗೇ ಬಂದ್ ಆಗಿತ್ತೇನು?”

ಅವನು ನನ್ನ ಮುಖ ನೋಡಲಿಲ್ಲ. “ಬಿಗಿ ಸ್ವಿಚ್ಚದ್ರಿ. ಕೈಯಿಂದ ಒತ್ತಬೇಕು. ಯಾರಿಗೆ ಗೊತ್ತಿತ್ತೋ ನಾ ಏನ್ ಹೇಳ್ಲಿ.”

ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಗಾಡಿಯಲ್ಲಿ ತಿರುಗಾಡಿ ನನಗೆ ಗೊತ್ತಿರಲಿಲ್ಲ.

ಸ್ಟೇರಿಂಗ್ ಹಿಡಿದುಕೊಂಡೇ ಕೂತೆ. ಕೈಗಳ ಕೆಳಗೆ ಗಾಡಿ ನಡುಗುತ್ತಿತ್ತು. ಮೊದಲು ಗುರುಶಾಂತನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ನಾನು ಕರೆಯದಿದ್ದರೂ, ಎಣ್ಣೆ ಮೆತ್ತಿದ ಎರಡು ಕೈಗಳು ಬಂದವು. ಅವತ್ತೂ ಹೀಗೇ. ಚಾಲೂ ಆಗುವುದು, ನಿಲ್ಲುವುದು. ಗಾಡಿಯಲ್ಲಿ ಕೆಟ್ಟದ್ದು ಏನೂ ಇರಲಿಲ್ಲವಾದರೆ ಮೊಣಕೈತನಕ ಎಣ್ಣೆ ಎಲ್ಲಿಂದ ಹತ್ತಿತು? ಬಳಿದುಕೊಳ್ಳದೆ ಹತ್ತುವುದಿಲ್ಲ. ಆ ಎಣ್ಣೆ ತೊಳೆಯಲು ನಾನೇ ಸೀಗೆಪುಡಿ ಕೊಟ್ಟು ನೀರು ಹನಿಸಿದ್ದೆ. ನೀರು ಹಾಕುತ್ತ, ನಿಮ್ಮಂಥ ಮನುಷ್ಯರು ಎಲ್ಲಿ ಸಿಗುತ್ತಾರೆ ಎಂದಿದ್ದೆ. ಅವರು ತಲೆ ತಗ್ಗಿಸಿ ಕೈ ತಿಕ್ಕಿಕೊಳ್ಳುತ್ತಿದ್ದರು.

ಬಾಯಿಗೆ ಹುಳಿ ನೀರು ಬಂತು. ಇಳಿದು ಗೋಡೆ ಹಿಡಿದು ಉಗಿದೆ. ಚಾಂದಪಾಶಾ ಗಾಡಿಯ ಸಪ್ಪಳ ಕೇಳುವ ನೆಪದಲ್ಲಿ ಆಚೆ ಬದಿಗೆ ಹೋದ. ನಾನು ಉಗಿಯುವುದನ್ನು ತಾನು ನೋಡಬಾರದೆಂದು.

ಇಂಜಿನ್ ಸಪ್ಪಳ ಕೇಳಿ ಗುರುಶಾಂತ ಬಂದ. ಕೈಯಲ್ಲಿ ನನ್ನ ಮಾತ್ರೆಯ ಪಟ್ಟಿ. “ಅರೆ, ಚಾಲೂ ಆತೇನು? ಚಲೋ ಆತು ಬಿಡ್ರಿ.”

“ಸೀಟಿನ ಕೆಳಗಿನ ಸ್ವಿಚ್ ನೀ ಒತ್ತಿದ್ಯೇನು?”

ಅವನು ಒಮ್ಮೆ ಚಾಂದಪಾಶಾನನ್ನು ನೋಡಿದ, ಆಮೇಲೆ ದನಿ ಇಳಿಸಿದ. “ಒಳಗ ಮಾತಾಡೂಣು ವೈನಿ.”

“ಇಲ್ಲೇ ಮಾತಾಡು.”

“ನೀವು ಸಾಲ್ಯಾಗ ಕಲಿಸಿದವರು. ನಿಮಗ ಊರಿನ ಸೂಕ್ಷ್ಮ ತಿಳಿಯೂದಿಲ್ಲ. ಅವರು ಕುಂತ ಸೀಟಿನ ಮ್ಯಾಲ ನಾಳೆ ಯಾರು ತಮ್ಮ ಮಗಳನ್ನ ಕೂಡಸ್ತಾರ? ನಾನೇನು ಜಗಳ ತಗದೇನೇನು? ಇಲ್ಲ ಅಂದೇನೇನು? ಜೀಪ್ ಮಾಡಿಕೊಡ್ತೇನಿ ಅಂದೆ. ಇಲ್ಲ ಅಂದ್ರ ಮನಸ್ಸು ನೋಯ್ತದ. ಗಾಡಿ ಕೆಟ್ಟದ ಅಂದ್ರ ಯಾರಿಗೂ ನೋವಿಲ್ಲ.” ಮಾತ್ರೆಯ ಪಟ್ಟಿಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. “ಇದು ನನ್ನ ಬುದ್ಧಿ ಅಲ್ಲ. ಅಣ್ಣನೇ ಕಲಿಸಿದ್ದು. ಅಣ್ಣ ಯಾರಿಗರ ಒಂದು ಕೆಟ್ಟ ಮಾತು ಆಡ್ಯಾನೇನು ಹೇಳ್ರಿ?”

ಆಡಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೇಸಿಗೆಗೆ ದೂಡಿತು. ಬೈದಿದ್ದರೆ, ಬಾಗಿಲು ಹಾಕಿದ್ದರೆ, ನಾನೂ ಜಗಳವಾಡುತ್ತಿದ್ದೆ. ಅವರು ಜಮಖಾನೆ ಹಾಸಿದರು. ನಾನು ಅದನ್ನು ಕಥೆ ಮಾಡಿ ಹಂಚಿದೆ.

“ಆ ಮಾತ್ರೆ ತಗೊಂಡು ಹೋಗು,” ಎಂದೆ.

“ವೈನಿ, ಬಿಪಿ...”

“ತಗೊಂಡು ಹೋಗೋ. ನಿನ್ನ ಕೈಲೆ ತಂದದ್ದು ಇನ್ನ ನನ್ನ ಗಂಟಲಾಗ ಇಳಿಯೂದಿಲ್ಲ.”

ಅವನು ಹೋಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಗೇಟಿನಲ್ಲಿ ಮಾಳಮ್ಮ ನಿಂತಿದ್ದಳು. ಬಿಳಿ ಸೀರೆ ಉಟ್ಟಿದ್ದಳು, ಅಂಚು ನೀಲಿ. ಮದುಮಗಳ ತಾಯಿ ಒಬ್ಬಳೇ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಕಣ್ಣು ಓಡುತ್ತಿದ್ದ ಗಾಡಿಯ ಮೇಲಿತ್ತು.

ನಾನು ಅವಳ ಹತ್ತಿರ ಹೋದೆ. ಮದುವೆಯಾದ ಐವತ್ತು ವರ್ಷದಲ್ಲಿ ಗಂಡನ ಹೆಸರು ಹಿಡಿದವಳಲ್ಲ ನಾನು. ಓಟಿನ ಚೀಟಿ ತರುವವರಿಗೂ ಬರೆದು ತೋರಿಸುತ್ತಿದ್ದೆ.

“ಮಾಳಮ್ಮ, ನಿನ್ನ ಮದುವಿ ದಿವಸ ಗಾಡಿ ಕೆಟ್ಟಿರಲಿಲ್ಲ. ದತ್ತಪ್ಪ ಸುಳ್ಳು ಹೇಳಿದ.”

“ವೈನಿ!” ಗುರುಶಾಂತ ಕೂಗಿದ. “ಸತ್ತ ಗಂಡನ ಹೆಸರು ಹಿಡಿದು, ಅದೂ ಏಕವಚನದಾಗ, ಮಂದಿ ಮುಂದ! ನಾಚಿಕಿ ಬರೂದಿಲ್ಲೇನ್ರಿ ನಿಮಗ?” ಅಷ್ಟು ಹೊತ್ತಿನಲ್ಲಿ ಅವನ ದನಿ ಏರಿದ್ದು ಅದಕ್ಕೊಂದಕ್ಕೇ. ಮಾತ್ರೆಯ ಪಟ್ಟಿ ಕಸಿದುಕೊಂಡು ನಡೆದುಬಿಟ್ಟ.

ಮಾಳಮ್ಮ ಅವನ ಬೆನ್ನನ್ನೂ ನೋಡಲಿಲ್ಲ. “ಗೊತ್ತಿತ್ರಿ ಅಕ್ಕೋರ,” ಎಂದಳು.

“ಅವತ್ತೇ?”

“ಅವತ್ತೇ. ನಮ್ಮ ಟ್ರ್ಯಾಕ್ಟರ್ ಆಳಂದ ರಸ್ತಾದಾಗ ಹೊಂಟಿತ್ತು. ಹಿಂದಿಂದ ಹಾರ್ನ್ ಹೊಡಕೋತ ಫಿಯಟ್ ಬಂತು. ನಿಮ್ಮ ಗೌಡ್ರು ನಡಸಾಕತ್ತಿದ್ರು. ಬಾಜೂಕ ನೀವು ಕುಂತಿದ್ರಿ. ಪರೀಕ್ಷಾ ಡ್ಯೂಟಿ ಇತ್ತಂತ ನಿಮಗ. ನೀವು ನನ್ನ ನೋಡಿ ನಕ್ಕು ಕೈ ಮಾಡಿದ್ರಿ.”

ನನಗೆ ನೆನಪಾಯಿತು. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ್ದೆ. ಧೂಳಿನಲ್ಲಿ ಹಳದಿ ಸೀರೆ. ಗಾಡಿ ಸರಿಯಾಯಿತಲ್ಲ, ನಿಲ್ಲಿಸಿ ಅವಳನ್ನು ಹತ್ತಿಸಿಕೊಳ್ಳೋಣ ಎಂದಿದ್ದೆ. ಮದುಮಗಳು ಏರಿದ ಗಾಡಿಯನ್ನು ನಡುದಾರಿಯಲ್ಲಿ ಬದಲಿಸಬಾರದು, ಅವಳಿಗೇ ಒಳ್ಳೆಯದಲ್ಲ ಎಂದರು ದತ್ತಪ್ಪ. ಅವಳ ಒಳಿತನ್ನು ಎಷ್ಟು ಯೋಚಿಸುತ್ತಾರೆ ಎಂದುಕೊಂಡು ಸೀಟಿಗೆ ಒರಗಿದ್ದೆ.

“ಗೊತ್ತಿದ್ದೂ ಮತ್ತ ಇದೇ ಗಾಡಿ ಕೇಳಿದ್ಯಲ್ಲ, ಯಾಕ?”

“ಪಂಚಶೀಲಾ ಬ್ಯಾಡ ಅಂದಿದ್ಲು. ಗೆಳತ್ಯಾರ ಕಾರ್ ಬರ್ತದ, ಈ ಹಳೇ ಡಬ್ಬಾ ಯಾಕ ಬೇಕಬೇ ಅಂದ್ಲು. ನನಗ ಗಾಡಿ ಬೇಕಾಗಿದ್ದಿಲ್ಲರಿ.” ಅವಳು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. “ಅವತ್ತು ನೀವು ನಕ್ಕಿದ್ದು ಗೊತ್ತಿದ್ದು ನಕ್ಕಿದ್ದೋ, ಗೊತ್ತಿಲ್ಲದ ನಕ್ಕಿದ್ದೋ? ಇಪ್ಪತ್ತೆಂಟು ವರ್ಷ ಆತು. ನಿಮ್ಮ ತಲಿ ಬಾಚುವಾಗೂ ಅದೇ ವಿಚಾರ. ಕೇಳಾಕ ಬಾಯಿ ಬರಲಿಲ್ಲ. ಗಾಡಿ ಕೇಳಿದ್ರ ತಿಳೀತದ ಅಂತ ಕೇಳಿದೆ.”

“ಗೊತ್ತಿರಲಿಲ್ಲ ಮಾಳಮ್ಮ.”

“ಈಗ ತಿಳೀತ್ರಿ.”

ಗೊತ್ತಿರಲಿಲ್ಲ ಎನ್ನುವುದು ದೊಡ್ಡ ಮಾತೇನೂ ಅಲ್ಲ. ಸರಿಹೋದ ಗಾಡಿಯಲ್ಲಿ ನಾನು ಹಾಯಾಗಿ ಕೂತು ಹೋಗಿದ್ದೆ. ಕೇಳಬೇಕಾದ ಪ್ರಶ್ನೆ ಬಾಯಿಗೆ ಬಂದಿತ್ತು, ಒಂದು ಸಿಹಿ ಉತ್ತರಕ್ಕೆ ನುಂಗಿಕೊಂಡಿದ್ದೆ. ಅದನ್ನು ಅವಳಿಗೆ ಹೇಳಬೇಕೆನಿಸಿತು. ಆದರೆ ಅವಳ ಮಗಳ ಮದುವೆಯ ದಿನ ನನ್ನ ಸಂಕಟವನ್ನು ಅವಳ ಮೇಲೆ ಹೊರಿಸುವುದು ಇನ್ನೊಂದು ಅಸಹ್ಯ. ಗಾಡಿಯ ಕಡೆ ತಿರುಗಿದೆ.

“ಚಾಂದಪಾಶಾ, ಆ ಸ್ವಿಚ್ ಕಿತ್ತು ಹಾಕು,” ಎಂದೆ.

“ಅದಕ್ಕ ಗಾಡಿ ಬಂದ್ ಮಾಡಬೇಕಾಗ್ತದ್ರಿ. ವಾಯರ್ ಕತ್ತರಿಸಿ ಜೋಡಸೂದು. ಎರಡು ನಿಮಿಷದ ಕೆಲಸ.”

ಮಾಳಮ್ಮನ ಮುಖ ಒಮ್ಮೆಲೇ ಬಿಗಿಯಾಯಿತು. “ಬ್ಯಾಡ್ರಿ,” ಎಂದಳು. “ಬಂದ್ ಮಾಡಬ್ಯಾಡ್ರಿ.”

“ಏನೂ ಆಗೂದಿಲ್ಲಬೇ ತಂಗಿ, ಮತ್ತ ಚಾಲೂ ಆಗ್ತದ. ನಾ ಇದ್ದೇನಲ್ಲ.”

“ಇರ್ಲಿ ಅಣ್ಣಾ. ನಿನ್ನ ಮ್ಯಾಲ ಭರೋಸಾ ಅದ. ಆದ್ರ ಅಫಜಲಪುರ ಮುಟ್ಟೂತನ ಬಂದ್ ಮಾಡಬ್ಯಾಡ.”

ಚಾಂದಪಾಶಾ ನನ್ನ ಕಡೆ ನೋಡಿದ. ಆಮೇಲೆ ಸೀಟಿನ ಕೆಳಗೆ ಬಗ್ಗಿ, ಸ್ವಿಚ್ಚಿಗೆ ತನ್ನ ಕರವಸ್ತ್ರ ಸುತ್ತಿ, ಯಾರ ಕಾಲೂ ತಾಗದಂತೆ ಗಂಟು ಹಾಕಿದ. ಸ್ಟೇರಿಂಗ್ ಮುಂದೆ ತಾನೇ ಕೂತ. ಮಾಳಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಿ ನಾನು ಹಿಂದೆ ಕೂತೆ. ಗಾಡಿ ನಿಧಾನವಾಗಿ ಓಣಿಯಿಳಿದು ಅವಳ ಮನೆಯ ಮುಂದೆ ಹೋಗಿ ನಿಂತಿತು. ಇಂಜಿನ್ ಓಡುತ್ತಲೇ ಇತ್ತು.

ಪಂಚಶೀಲಾ ಬಿಳಿ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದಳು. “ಏನಬೇ, ಡಬ್ಬಾ ಹೊಗಿ ಬಿಡಾಕತ್ತದ. ಬಂದ್ ಮಾಡಾಕ ಹೇಳು, ಎಲ್ಲಾರು ಕೂಡೂತನ.”

“ನೀ ಸುಮ್ಮನ ಹತ್ತು,” ಎಂದಳು ಮಾಳಮ್ಮ. ಮುಂದಿನ ಸೀಟಿನಿಂದ ಚಾಚಿದ ಅವಳ ಕೈ ಚಾವಿಯ ಮೇಲಿತ್ತು. ಅಫಜಲಪುರದ ವಿಹಾರದ ಮುಂದೆ ಮಗಳು ಇಳಿದು ಒಳಗೆ ಹೋಗುವವರೆಗೂ ಆ ಕೈಯನ್ನು ಅವಳು ತೆಗೆಯಲಿಲ್ಲ.